ಅರ್ಧ ಎಕರೆಯ ಆಚೆ

ತೋಟದ ಮನೆ
ಮಾರ್ಚ್ ೧೪

ಪ್ರೀತಿಯ ಅತ್ತೆ,

ಎರಡನೇ ಕಣ್ಣಿನ ಪಟ್ಟಿಯನ್ನೂ ಬಿಚ್ಚಿದರಾ? ಉರಿ ಕಡಿಮೆಯಾಗಿದೆಯಾ? ತಲೆ ಬಗ್ಗಿಸಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ಮಗಳ ಮನೆ ಎಂದು ಅಲ್ಲಿ ನೆಲ ಒರೆಸಲು ಕೂರಬೇಡಿ. ಈ ಕಾಗದವನ್ನು ನಾದಿನಿಯೇ ನಿಮಗೆ ಓದಿ ಹೇಳುತ್ತಿರುತ್ತಾಳೆ, ಗೊತ್ತು. ಪುಟ್ಟೀ, ಮುಂದಿನದನ್ನು ನಗದೆ ಓದಮ್ಮಾ, ನಿನಗೆ ಪುಣ್ಯ ಬರುತ್ತದೆ.

ಎರಡು ತಿಂಗಳ ಹಿಂದೆ ನೀವು ಆಪರೇಷನ್ನಿಗೆಂದು ಹೊರಟ ಮೇಲೆ ಪಕ್ಕದ ಎರಡು ಎಕರೆಯನ್ನು ಗುತ್ತಿಗೆಗೆ ಹಿಡಿದೆ. ನಿಮ್ಮನ್ನು ಕೇಳಲಿಲ್ಲ. ಸಗಣಿ ಗೊಬ್ಬರ ಬಿಟ್ಟು ಬೇರೆ ಔಷಧಿ ಏನೂ ಹಾಕದ ನಿಮ್ಮ ಅರ್ಧ ಎಕರೆಯೇ ಮೂವತ್ತು ಮನೆಗೆ ತರಕಾರಿ ಕೊಡುತ್ತದೆ, ಎರಡೂವರೆಯಾದರೆ ಊರಿಗೆಲ್ಲ ಕೊಡಬಹುದು ಎಂದುಕೊಂಡೆ. ನಿಮ್ಮ ಮಗ ಪ್ರೆಸ್ಸಿಗೆ ಹೊರಡುತ್ತ, “ನೆಲ ಸಿಕ್ತು ಸರಿ, ಕೈ ಎಲ್ಲಿಂದ ತರ್ತೀಯಾ?” ಅಂದರು. ಮುಖ ಊದಿಸಿಕೊಂಡೆ. ನೀವು ವರ್ಷವಿಡೀ ಕೂಡಿಟ್ಟ ಗೊಬ್ಬರದ ಗುಡ್ಡೆ ಹೊಸ ನೆಲಕ್ಕೆ ಉಪ್ಪು ಉದುರಿಸಿದಷ್ಟೂ ಆಗಲಿಲ್ಲ. ಆ ಕಡೆ ಕಳೆ ಕಿತ್ತು ಬರುವಷ್ಟರಲ್ಲಿ ಈ ಕಡೆ ಟೊಮೇಟೊಗೆ ಹುಳು ಬಿದ್ದಿರುತ್ತಿತ್ತು. ನೀವಿದ್ದಾಗ ಮೂಲಂಗಿ ಕಿತ್ತ ಜಾಗಕ್ಕೆ ಸಂಜೆಯೊಳಗೆ ಸೊಪ್ಪಿನ ಬೀಜ ಬೀಳುತ್ತಿತ್ತು. ನನ್ನ ಕೈಯಲ್ಲಿ ಆ ಪಾತಿಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ನೆಲ ಐದು ಪಟ್ಟು, ಬೆಳೆ ಮೊದಲಿನ ಅರ್ಧವೂ ಇಲ್ಲ.

ಕಳೆದ ಶನಿವಾರ ಬುಟ್ಟಿ ತುಂಬಲಿಲ್ಲ. ಕೊಳ್ಳಲು ಬಂದವರಿಗೆ ಇಲ್ಲ ಎಂದುಬಿಡಬೇಕಿತ್ತು. ಅದು ಬಿಟ್ಟು ಮಾರ್ಕೆಟ್ಟಿನಿಂದ ಪಾಲಕ್ ತಂದು, ಬೇರಿಗೆ ನಮ್ಮ ತೋಟದ ಮಣ್ಣು ಅಂಟಿಸಿ ಇಟ್ಟೆ. ಹೌದು ಅತ್ತೆ, ಮಣ್ಣು ಅಂಟಿಸಿದೆ. ನರ್ಸಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಿದ್ದಳು. ಕಟ್ಟನ್ನು ತಿರುಗಿಸಿ ನೋಡಿ, “ಅಕ್ಕಾ, ನೀವು ದಾರದಲ್ಲಿ ಕಟ್ತಿದ್ರಲ್ವಾ? ಈ ರಬ್ಬರ್ ಬ್ಯಾಂಡು ಮಾರ್ಕೆಟ್ಟಿಂದು” ಅಂದಳು. ನಾನು ಉಳಿದ ಕಟ್ಟುಗಳನ್ನು ಸೆರಗಿನಿಂದ ಮುಚ್ಚಿದೆ. “ಇವನಿಗೆ ಅಂತ ತಗೊಂಡು ಹೋಗ್ತಿದ್ದೆ,” ಎಂದಷ್ಟೇ ಹೇಳಿ, ಸೊಪ್ಪನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟು ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಆ ಸೊಪ್ಪು ಕೊಂಡವರ ಮನೆಮನೆಗೂ ಹೋಗಿ ನಿಜ ಹೇಳಿದೆ. ಟೈಲರಣ್ಣ, “ಬೇಯಿಸಿ ತಿಂದಾಯ್ತಲ್ಲಮ್ಮಾ, ಈಗ ಹೇಳ್ತಿದೀಯಾ!” ಎಂದು ನಕ್ಕುಬಿಟ್ಟ. ಕೆಲವರು ಅರ್ಧ ತೆರೆದ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಇನ್ನು ಮುಂದೆ ಬೇಡ ಅಂದರು. ನರ್ಸಮ್ಮ ಬಾಗಿಲನ್ನೇ ತೆಗೆಯಲಿಲ್ಲ. ಪಕ್ಕದ ನೆಲವನ್ನು ಬಿಟ್ಟುಕೊಟ್ಟಾಯಿತು.

ಪುಟ್ಟಿಗೆ, ಅವಳ ಮನೆಯವರಿಗೆ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ಕೇಳುವ ಮುಖ ಈಗ ನನಗಿಲ್ಲ. ನೀವಾಗಿ ಕೊಟ್ಟರೆ ತಲೆ ಬಾಗಿಸಿ ತೆಗೆದುಕೊಳ್ಳುತ್ತೇನೆ.

ನಿಮ್ಮ ಸೊಸೆ

ಇನ್ನೊಂದು: ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಹೊಸ ನೆಲಕ್ಕೆ ಟಿಲ್ಲರ್ ಹೋಗಲು ದಾರಿ ಮಾಡುವಾಗ, ಬೇಲಿಯ ಪಕ್ಕ ನೀವು ಬೀಜಕ್ಕೆಂದು ಬಿಟ್ಟಿದ್ದ ಬೀನ್ಸ್ ಬಳ್ಳಿಯನ್ನೆಲ್ಲ ಕಡಿಸಿಬಿಟ್ಟೆ. ಅದು ನಿಮ್ಮಮ್ಮ ಕೊಟ್ಟ ಬೀಜದ್ದು ಎಂದು ನಿಮ್ಮ ಮಗ ಆಮೇಲೆ ಹೇಳಿದರು. ಡಬ್ಬಿಗಳನ್ನೆಲ್ಲ ತಡಕಿದೆ, ಒಂದು ಕಾಳೂ ಸಿಗಲಿಲ್ಲ. ಪುಟ್ಟಿಗೆ ಯಾವಾಗಲಾದರೂ ಕೊಟ್ಟಿದ್ದಿರಾ? ಇಲ್ಲವಾದರೆ, ಬಂದ ದಿನ ಬೇಲಿಯ ಕಡೆ ಹೋಗುವ ಮೊದಲು ನನ್ನನ್ನು ಕರೆಯಿರಿ. ನೀವೊಬ್ಬರೇ ಹೋಗಿ ನೋಡುವುದು ಬೇಡ.