ಹೊಸ ಹಾಸಿಗೆಯಿಂದ ಸರಿಹೋಗದ್ದು

ಮನೆಯಿಂದ,
ಜುಲೈ ೧೪, ಭಾನುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಟಾಕೀಸಿನ ಕುರ್ಚಿಗಳಿಗೆ ಬಗ್ಗಿ ಬಗ್ಗಿ ಮೊಳೆ ಹೊಡೆಯುತ್ತಿರುತ್ತೀರಿ, ನನಗೆ ಗೊತ್ತು. ಹೊತ್ತು ಹೊತ್ತಿಗೆ ಊಟ ಮಾಡಿ. ಮಗಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ನಿಮ್ಮ ಸೋಫಾ ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಅದನ್ನೂ ಯಾರದೋ ಕುಷನ್ನಿಗೆ ಹೊಲಿದುಬಿಟ್ಟೀರಿ, ಹುಷಾರು.

ಇನ್ನು ನನ್ನ ವಿಷಯ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಪರಊರಿನ ಈ ಟಾಕೀಸಿನ ಕೆಲಸ ಒಪ್ಪಿಕೊಂಡು ಹೊರಡುವಾಗ "ನಿನಗೆ ನಾನು ಬೇಡವಾಗಿದೀನಿ, ಸ್ವಲ್ಪ ದಿನ ದೂರ ಇರ್ತೀನಿ" ಅಂದುಬಿಟ್ಟಿರಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ. ಎಷ್ಟೋ ತಿಂಗಳಿಂದ ನೀವು ಹತ್ತಿರ ಬಂದರೆ ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ, ನಿಜ. ಅದಕ್ಕೆ ನೀವು ಮಾಡಿದ್ದೇನು? ಮೊದಲು ಮೈಗೆ ಹತ್ತಿದ ಕುಷನ್ ಅಂಟಿನ ವಾಸನೆಯೇ ಕಾರಣವಿರಬೇಕೆಂದು ಸೋಪು ಬದಲಾಯಿಸಿದಿರಿ. ಆಮೇಲೆ ಹಾಸಿಗೆಯನ್ನೇ ಬಿಚ್ಚಿ, ಹೊಸ ಹತ್ತಿ ತುಂಬಿ, ಅಂಚಿಗೆ ಜೋಡಿ ಹೊಲಿಗೆ ಹಾಕಿ, "ಈಗ ನೋಡು" ಎಂದು ಬಾಗಿಲಲ್ಲಿ ನಿಂತಿರಿ. ಅಯ್ಯೋ ದೇವರೇ! ಕೆಟ್ಟದ್ದೆಲ್ಲ ಕುಷನ್ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ನಂಬಿರುವ ಗಂಡಸು ನೀವೊಬ್ಬರೇ. ಹಾಸಿಗೆ ಚೆನ್ನಾಗಿದೆ ಬಿಡಿ. ನಿದ್ದೆ ಬಂತು, ಆಸೆ ಬರಲಿಲ್ಲ.

ಬುಧವಾರ ಲೇಡಿ ಡಾಕ್ಟರ್ ಹತ್ತಿರ ಹೋಗಿದ್ದೆ. ಬೆಂಚಿನ ಮೇಲೆ ಕೂತಾಗ ಎದ್ದು ಓಡಿಬಿಡೋಣ ಅನಿಸಿತ್ತು. ಅವರೋ, "ಗಂಡನ ಮೇಲೆ ಮಾತ್ರ ಆಸೆ ಹೋಗಿದೆಯೋ, ಒಟ್ಟಾರೆ ಹೋಗಿದೆಯೋ?" ಎಂದು ತರಕಾರಿ ಬೆಲೆ ಕೇಳಿದ ಹಾಗೆ ಕೇಳಿದರು. ಒಟ್ಟಾರೆ, ಕನಸಿನಲ್ಲೂ ಇಲ್ಲ ಅಂದೆ. ನಿದ್ದೆ, ಸುಸ್ತು, ಮುಟ್ಟು, ಕೂಡುವಾಗ ನೋವಿದೆಯಾ, ಗಂಡ ಹೆಂಡತಿ ಜಗಳವಿದೆಯಾ, ಎಲ್ಲ ವಿಚಾರಿಸಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿನ್ನೆ ರಿಪೋರ್ಟ್ ಬಂತು, ಅದು ಸರಿಯಿದೆ. ಅಮ್ಮ ತೀರಿಕೊಂಡ ಮೇಲೆ ಮನಸ್ಸಿಗೆಂದು ನಾನು ನುಂಗುತ್ತಿರುವ ಮಾತ್ರೆ ತೋರಿಸಿದೆ. ಇಂಥ ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತದಂತೆ, ಬರೀ ದುಃಖದಿಂದಲೂ ಆಗುತ್ತದಂತೆ. ನಾನಾಗಿಯೇ ನಿಲ್ಲಿಸಬಾರದು, ಅದನ್ನು ಕೊಟ್ಟ ಡಾಕ್ಟರ ಜೊತೆ ಮಾತಾಡಿ ಬದಲಾಯಿಸೋಣ ಎಂದರು. "ಇದರಲ್ಲಿ ನಾಚಿಕೆ ಏನಿಲ್ಲಮ್ಮ. ನಾಲ್ಕು ದಿನ ಆಸೆ ಇಲ್ಲದಿದ್ರೆ ನನ್ನ ಹತ್ರ ಬರೋದೇನೂ ಬೇಡ. ತಿಂಗಳುಗಟ್ಟಲೆ ಹಾಗೇ ಇದ್ದು ನಿನಗೆ ಸಂಕಟ ಆಗ್ತಿದ್ರೆ ಬರಬೇಕು. ಇಷ್ಟು ದಿನ ಏನು ಮಾಡ್ತಿದ್ದೆ?" ಎಂದು ಗದರಿಸಿದರು ಕೂಡ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ನಿಮ್ಮ ಅಂಟಿನದೂ ಇಲ್ಲ. ಆ ವಾಸನೆ ಇಲ್ಲದೆ ಮನೆ ಬಿಕೋ ಅನ್ನುತ್ತಿದೆ ಕಣ್ರೀ.

ಜೊತೆಯ ಕೆಲಸದವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಾತಾಡಬೇಡಿ.

ನಿಮ್ಮ
ಬಾಯಿಬಡುಕಿ

ಹೇಳೋದೇ ಮರೆತೆ: ಬರುವ ಬುಧವಾರ ಇಬ್ಬರೂ ಬರಬೇಕಂತೆ. ಮಾತ್ರೆ ಬದಲಾಯಿಸಿದರೂ ಆಸೆ ಯಾವಾಗ ಬರುತ್ತದೋ ಡಾಕ್ಟರಿಗೂ ಗೊತ್ತಿಲ್ಲ. ಅದು ಬರುವ ತನಕ ನೀವು ಅಲ್ಲೇ ಕೂರಬೇಡಿ. ನನಗೆ ನೀವು ಬೇಕು. ಬಂದುಬಿಡಿ.