ಪುಟ್ಟನರಸಿಯ ಕೈಬಳೆ

ಕಣ್ಣಾಸ್ಪತ್ರೆ, ಬೆಂಗಳೂರು
೯-೩-೧೯೬೨

ಕಳ್ಳಂಬೆಳ್ಳದಲ್ಲಿರೋ ನನ್ನ ಪುಟ್ಟನರಸಿಗೆ,

ನಾನೇ ಬರೀತಿದ್ದೀನಿ. ಅಕ್ಷರ ಕುಂಬಳಕಾಯಿ ಗಾತ್ರ ಅವೆ, ನಗಬ್ಯಾಡ. ಬಲಗಣ್ಣಿನ ಕರಿಗುಡ್ಡೆ ಮ್ಯಾಲಿನ ಮಬ್ಬು ಪದರ ಮಾತ್ರ ತೆಗೆದು, ತೀರಿಕೊಂಡ ಯಾರೋ ಪುಣ್ಯಾತ್ಮರ ತಿಳಿ ಪದರ ಹೊಲಿದವ್ರೆ. ಪೂರಾ ತಿಳಿಯಾಗಕ್ಕೆ ಆರು ತಿಂಗಳಾದ್ರೂ ಬೇಕಂತೆ. ಆದ್ರೂ ಬಣ್ಣ ಗೊತ್ತಾಗ್ತೈತೆ.

ಹೋದ ಭಾನುವಾರ ಇಲ್ಲಿಗೆ ಬಂದು ನೀನು ಮುದ್ದೆ ಮುರಿದು ನನ್ನ ಬಾಯಿಗಿಡುವಾಗ ನಿನ್ನ ಕೈ ನೋಡಿದೆ. ಒಂದು ಹಸಿರು, ಎರಡು ಹಳದಿ, ಒಂದು ಊದಾ, ಒಂದು ಕೆಂಪು. ಬಳೆಗಾರನ ಹೆಂಡ್ತಿ ಕೈಲಿ ಇದೇನು ಸಂತೆ ಅಂತ ಬೈಯಕ್ಕೆ ಹೋದೋನಿಗೆ ಆಗ ಹೊಳೀತು.

ಎರಡು ವರ್ಷ ಈ ಮಂಜುಗಣ್ಣಲ್ಲೇ ಒಂದೊಂದು ಬಣ್ಣದ್ದು ಡಜನ್ ಡಜನ್ ಬಳೆ ಪೋಣಿಸಿದೆ, ಒಂದು ಬಣ್ಣನೂ ತಪ್ಪಲಿಲ್ಲ ಅಂತ ಊರೆಲ್ಲ ಜಂಬ ಕೊಚ್ಚಿಕೊಂಡೆ. ನೀನೂ "ಹೂಂ ಕಣ್ರೀ" ಅಂದೆ. ಆದ್ರೆ ನನ್ನ ಬೆನ್ನ ಹಿಂದೆ ನೀನೇ ತಪ್ಪಿದ್ದನ್ನ ತೆಗೆದು ಸರಿಯಾದ್ದು ಸೇರಿಸ್ತಿದ್ದೆ. ಹಂಗೆ ತೆಗೆದ ಬಿಡಿ ಬಳೆ ಪೆಟ್ಟಿಗೇಲಿ ನನ್ನ ಕೈಗೆ ಸಿಕ್ಕಿದ್ರೆ ಗುಟ್ಟು ರಟ್ಟಾಗ್ತದೆ ಅಂತ ನೀನೇ ತೊಟ್ಕೊಂಡೆ. ಅಲ್ವೇನೇ?

ಬರೋ ಭಾನುವಾರ ಬರುವಾಗ ಹುಚ್ಚೆಳ್ಳು ಚಟ್ನಿಪುಡಿ ತಾ. ಆ ಬಳೆ ಮಾತ್ರ ತೆಗೀಬ್ಯಾಡ. ಡಾಕ್ಟರು ದಿನಾ ಗೋಡೆ ಮ್ಯಾಲಿನ ಅಕ್ಷರ ತೋರಿಸಿ ಓದು ಅಂತಾರೆ. ನನಗೆ ನಿನ್ನ ಕೈ ಹಿಡಿದು, ನನ್ನ ತಪ್ಪು ಒಂದೊಂದೇ ಎಣಿಸಬೇಕು.

ನಿನ್ನ ಜಂಬಗಾರ,
ತಿಮ್ಮಶೆಟ್ಟಿ