ಜೀರಿಗೆ ನೀರು, ಬಿಳಿ ಔಷಧಿ

ಸೊರಬ, ೧೨ ಫೆಬ್ರವರಿ ೧೯೫೮. ಬೆಳಿಗ್ಗೆ ೬
ಮತ್ತೆ ಎದೆಯುರಿ, ಹುಳಿತೇಗು. ಅಕ್ಕ ವರದಮ್ಮ ಕೇಳದೆಯೇ ಜೀರಿಗೆ ಕುದಿಸಿ ತಂದಿಟ್ಟಳು. ಕುಡಿದೆ. ಹತ್ತು ನಿಮಿಷದಲ್ಲಿ ತಣ್ಣಗಾಯಿತು. ಅದೇ ಭಯ... ನನ್ನ ಹೆಂಡತಿ ರಾಧೆಗೂ ಹೀಗೇ ತಣ್ಣಗಾಗುತ್ತಿತ್ತು. ಹೋದ ಮಾರ್ಚಿನಲ್ಲಿ ರಕ್ತ ಕಾರಿ ಸತ್ತಳು. ಆರು ತಿಂಗಳ ಬಸುರಿ.

೧೫ ಫೆಬ್ರವರಿ
ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಾಗ ಉರಿ ಬೆನ್ನಿಗೆ ಹಾಯಿತು. ಬೋರ್ಡು ಹಿಡಿದು ನಿಂತೆ. ರಾಧೆ ಹೀಗೇ ಅಡಿಗೆಮನೆಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಖಾರ ಕಡಿಮೆ ತಿನ್ನು ಅನ್ನುತ್ತಿದ್ದೆ.

೧೬, ಭಾನುವಾರ
ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಶಿಕಾರಿಪುರ. ರಾಧೆಯನ್ನು ನೋಡಿದ್ದ ಡಾಕ್ಟರೇ. ಹೊಟ್ಟೆ ಒತ್ತಿ ನೋಡಿದರು.
"ಹುಣ್ಣಿರಬಹುದು ಮೇಷ್ಟ್ರೇ. ಈ ಬಿಳಿ ಔಷಧಿ ಮೂರು ಹೊತ್ತು. ಮಲ ಕಪ್ಪಗೆ ಹೋದ್ರೆ ಒಳಗೆ ರಕ್ತ ಅಂತ ತಿಳೀರಿ, ಅವತ್ತೇ ಬರ್ರಿ. ನಿಮ್ಮ ಮನೆಯವ್ರಿಗೂ ಇದನ್ನೇ ಕೊಟ್ಟಿದ್ದೆ. ಕುಡಿದ್ರೇನ್ರೀ?"
ಕುಡಿದಳು ಅಂದೆ. ನೋಡಿರಲಿಲ್ಲ.

೧೭, ಸಂಜೆ
ರಾಧೆ ಆ ಔಷಧಿ ಕುಡಿದಳಾ ಎಂದು ಅಕ್ಕನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.
"ನಾನೇ ಬ್ಯಾಡ ಅಂದೆ ಕಣೋ. ಬಸುರಿಗೆ ಉಷ್ಣ ಆಗ್ತದೆ ಅಂತ ಹಿತ್ಲಿಗೆ ಚೆಲ್ಲಿದೆ. ಮಜ್ಜಿಗೆ, ಜೀರಿಗೆ ನೀರು ಕೊಟ್ಟೆ. ನಗ್ತಾ ಕುಡೀತಿದ್ಲು."
"ಕಪ್ಪಗೆ ಹೋಗ್ತಿತ್ತಾ?"
"ನಂಗೆ ಹೇಳ್ಲಿಲ್ಲ. ನಿಂಗೆ ಹೇಳಿದ್ಲಾ?"
ಇಲ್ಲ ಅಂದೆ.
ಹೇಳಿದ್ದಳು. ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಅಕ್ಕನ್ನ ಕೇಳು ಅಂದಿದ್ದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದಳು.

೨೪ ಫೆಬ್ರವರಿ
ಒಂದು ವಾರ ಬರೆಯಲಾಗಲಿಲ್ಲ. ಔಷಧಿಯನ್ನೂ ಮುಟ್ಟಿಲ್ಲ. ಅಕ್ಕನ ಮಾತು ನಿಂತಿದೆ, ಊಟಕ್ಕೆ ಬಡಿಸಿ ಒಳಗೆ ಹೋಗುತ್ತಾಳೆ.
ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಬಚ್ಚಲಿನಲ್ಲಿ ಯಾರೋ ಓಕರಿಸಿದ ಸದ್ದು. ಓಡಿದೆ. ಯಾರೂ ಇಲ್ಲ, ನೆಲ ಒಣಗಿತ್ತು. ತಿರುಗಿದರೆ ಹಿಂದೆ ಅಕ್ಕ, ಕೈಯಲ್ಲಿ ನೀರಿನ ಚೊಂಬು. ಅವಳಿಗೂ ಕೇಳಿಸಿತ್ತು.

೨ ಮಾರ್ಚ್. ಬೆಳಿಗ್ಗೆ ೭
ಕಪ್ಪಗೆ ಹೋಯಿತು. ಡಾಂಬರಿನ ಹಾಗೆ.
ಮೊದಲು ಅನ್ನಿಸಿದ್ದು — ಯಾರಿಗೂ ಹೇಳುವುದು ಬೇಡ. ರಾಧೆಗಾದದ್ದೇ ನನಗೂ ಆಗಲಿ. ಬಹಳ ಹೊತ್ತು ಹಿತ್ತಿಲಲ್ಲೇ ಕೂತಿದ್ದೆ. ಆಮೇಲೆ ಅಡಿಗೆಮನೆಗೆ ಹೋಗಿ ಎರಡನ್ನೂ ಹೇಳಿಬಿಟ್ಟೆ. ನನ್ನದನ್ನು. ರಾಧೆ ಹೇಳಿದ್ದನ್ನು.
ಅಕ್ಕ ನನ್ನ ಮುಖವನ್ನೇ ನೋಡಿದಳು. ಉರಿಯುವ ಒಲೆಗೆ ನೀರು ಸುರಿದಳು.
"ಎಂಟಕ್ಕೆ ಬಸ್ಸು. ಏಳು."
ಅಂಗಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅಕ್ಕ ಆಗಲೇ ಬೀದಿಗೆ ಇಳಿದಿದ್ದಾಳೆ. ಕೂಗುತ್ತಿದ್ದಾಳೆ — "ರಾಧಾ, ಬೇಗ ಬಾರೇ, ಬಸ್ಸು ಹೋಗ್ತದೆ."
ಏನು ಕೂಗಿದಳೆಂದು ಅವಳಿಗೇ ಗೊತ್ತಿಲ್ಲ. ಬಂದೆ ಅಕ್ಕಾ, ಅಂದೆ. ನಾನು ಅನ್ನುವ ಮೊದಲೇ ಒಳಗಿನಿಂದ ರಾಧೆಯ ದನಿ ಅಂದಿತ್ತು, ಬಂದೆ ಅಕ್ಕಾ.